ಇ-ಮೇಲಿನ ಅಡಿಬರಹ: ಕಾಗದದ ಕೊನೆಗೊಂದು ಚೀಲದ ಗುರುತು



ಅಡಿಕೆಯನ್ನು ಸಂಘಕ್ಕೆ ಕಳುಹಿಸುವಾಗ ಚೀಲದ ಮೇಲೆ ಹೆಸರು, ಊರು ಬರೆಯದೆ ಲಾರಿಗೆ ಹೇರುವವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಅದೇ ನಾವು, ಕಾಫಿ ಕೊಳ್ಳುವವರಿಗೆ ಇ-ಮೇಲ್ ಬರೆಯುವಾಗ ಮಾತ್ರ ಹೆಸರಿಲ್ಲದ ಚೀಲವನ್ನೇ ಕಳುಹಿಸುತ್ತಿದ್ದೇವೆ. "ಸರ್, ಸ್ಯಾಂಪಲ್ ಕಳಿಸಿದ್ದೇನೆ, ದರ ತಿಳಿಸಿ" ಎಂದು ಎರಡು ಸಾಲು ಬರೆದು ಗುಂಡಿ ಒತ್ತಿದರೆ ನಮ್ಮ ಕೆಲಸ ಮುಗಿಯಿತು. ಬರೆದವರು ಯಾರು, ತೋಟ ಎಲ್ಲಿಯದು, ಮಾತನಾಡಬೇಕಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಓದುವವನು ಊಹಿಸಿಕೊಳ್ಳಬೇಕು. ಊಹಿಸುವಷ್ಟು ಪುರುಸೊತ್ತು ಕೊಳ್ಳುವವನಿಗೆ ಇರುವುದಿಲ್ಲ.

ಇದನ್ನು ಬರೆಯುವ ಯೋಗ್ಯತೆ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ನಾವು ರೋಬಸ್ಟಾವನ್ನು ಚೆರ್ರಿ ಮಾಡದೆ, ಕೆಂಪು ಹಣ್ಣನ್ನೇ ಆರಿಸಿ ಕುಯ್ಸಿ, ಪಲ್ಪರ್‌ಗೆ ಹಾಕಿ, ತೊಳೆದು, ನಿಧಾನವಾಗಿ ಒಣಗಿಸಿ 14 ಚೀಲ ಪಾರ್ಚ್‌ಮೆಂಟ್ ಮಾಡಿದೆವು. ಮನೆಯವರೆಲ್ಲ ಕಣದಲ್ಲಿ ಕುಳಿತು ಒಡಕು, ಕಪ್ಪು ಆರಿಸಿದ ಮಾಲು ಅದು. ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವ ಒಬ್ಬರಿಗೆ ಸ್ಯಾಂಪಲ್ ಪೊಟ್ಟಣ ಕಳುಹಿಸಿ, ಮಗ ಕಾಲೇಜಿಗೆ ಹೋಗುವಾಗ ಮಾಡಿಕೊಂಡಿದ್ದ ಇ-ಮೇಲಿನಿಂದ ಒಂದು ಕಾಗದ ಬರೆಸಿದೆ. ಕೆಳಗೆ ಹೆಸರಿಲ್ಲ, ಊರಿಲ್ಲ, ಫೋನ್ ಇಲ್ಲ. ಇ-ಮೇಲ್ ವಿಳಾಸವಾದರೂ ಹೆಸರು ತಿಳಿಯುವಂಥದ್ದಲ್ಲ. ಅವನ ಪ್ರಾಯಕ್ಕೆ ತಕ್ಕ ಏನೋ ಒಂದು ಅಡ್ಡಹೆಸರು, ಹಿಂದೆ ನಾಲ್ಕು ಅಂಕಿ.

ಉತ್ತರ ಬರಲಿಲ್ಲ ಎಂದು ತಿಳಿದು, ಮಳೆಗಾಲಕ್ಕೆ ಮುಂಚೆ ಊರಿನ ವ್ಯಾಪಾರಿಗೆ ಎಲ್ಲರ ಮಾಲಿನ ದರದಲ್ಲೇ ಹದಿನಾಲ್ಕೂ ಚೀಲ ತೂಗಿಸಿಬಿಟ್ಟೆ. ಅಷ್ಟು ಹೊತ್ತಿಗೆ ಮಗ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿ, ಆ ಹಳೆಯ ಇ-ಮೇಲನ್ನು ತೆರೆಯುವುದೇ ಬಿಟ್ಟಿದ್ದ. ಗೌರಿಹಬ್ಬಕ್ಕೆ ಮನೆಗೆ ಬಂದವನು ಒಂದು ಸಂಜೆ ಅದನ್ನು ತೆರೆದು, "ಅಪ್ಪಯ್ಯ, ಇಲ್ಲಿ ನೋಡು" ಎಂದ. ಕೊಳ್ಳುವವರು ಮೂರು ಸಲ ಬರೆದಿದ್ದರು. ಮೊದಲನೆಯದರಲ್ಲಿ, ಮೇಜಿನ ಮೇಲೆ ಆರೇಳು ಪೊಟ್ಟಣಗಳಿವೆ, ನಿಮ್ಮದು ಯಾವುದು, ತೋಟ ಯಾವ ತಾಲ್ಲೂಕಿನದು ಎಂಬ ಪ್ರಶ್ನೆ. ಎರಡನೆಯದರಲ್ಲಿ, ದಯವಿಟ್ಟು ಫೋನ್ ನಂಬರ್ ಕೊಡಿ ಎಂಬ ಬೇಡಿಕೆ. ಮೂರನೆಯದರಲ್ಲಿ, ಬೇರೆಯವರಿಂದ ತೆಗೆದುಕೊಂಡೆವು, ಮುಂದಿನ ವರ್ಷ ನೋಡೋಣ ಎಂಬ ಮಾತು. ಒಂದು ಸಾಲಿನ ವಿಳಾಸ ಬರೆಯದ್ದಕ್ಕೆ ಒಂದು ವರ್ಷದ ಶ್ರಮ ಸಾಧಾರಣ ಮಾಲಿನ ರಾಶಿಯಲ್ಲಿ ಬೆರೆತುಹೋಯಿತು.

ಹಿಂದಿನ ಪತ್ರಗಳಲ್ಲಿ ಇಂಥ ಫಜೀತಿಗೆ ಅವಕಾಶವಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಪತ್ರಲೇಖನದಲ್ಲಿ ಎಡಗಡೆ ಮೇಲೆ "ಇಂದ" ಎಂದು ಬರೆದು ನಮ್ಮ ಪೂರ್ಣ ವಿಳಾಸ ಕೊಟ್ಟ ನಂತರವೇ "ಇವರಿಗೆ" ಎಂದು ಬರೆಯುತ್ತಿದ್ದೆವು. ಕೊನೆಗೆ "ಇತಿ ತಮ್ಮ ವಿಶ್ವಾಸಿ" ಎಂದು ರುಜು. ಇ-ಮೇಲಿನಲ್ಲಿ ಮೇಲಿನ "ಇಂದ" ತಪ್ಪಿಹೋಗಿದೆ. ಆದುದರಿಂದ ಅದರ ಕೆಲಸವನ್ನೂ ರುಜುವಿನ ಕೆಲಸವನ್ನೂ ಕಾಗದದ ಕಾಲಬುಡದಲ್ಲೇ ಮಾಡಬೇಕಾಗಿದೆ. ಇದಕ್ಕಾಗಿ ಇ-ಮೇಲ್ ವ್ಯವಸ್ಥೆಯಲ್ಲೇ "ಸಿಗ್ನೇಚರ್" ಎಂಬ ಒಂದು ಅನುಕೂಲವಿದೆ. ಒಮ್ಮೆ ಬರೆದಿಟ್ಟರೆ ಸಾಕು, ನೀವು ಕಳುಹಿಸುವ ಪ್ರತಿಯೊಂದು ಕಾಗದದ ಕೆಳಗೂ ಅದು ತಾನಾಗಿ ಬಂದು ಕೂರುತ್ತದೆ. ಇದನ್ನು ಈ ಪಾಠದಲ್ಲಿ ಅಡಿಬರಹ ಎಂದು ಕರೆಯೋಣ. ಜಿ.ಎಸ್.ಟಿ. ಮತ್ತು ಟೆಂಡರ್ ಕೆಲಸಕ್ಕೆ ಪೆನ್‌ಡ್ರೈವಿನಂಥ ಟೋಕನ್ ಹಾಕಿ ಮಾಡುವ ಡಿಜಿಟಲ್ ಸಹಿ ಬೇರೆ. ಅದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮಾನ್ಯತೆಯಿದೆ. ಅಡಿಬರಹಕ್ಕೆ ಅಂಥ ಯಾವ ಬೆಲೆಯೂ ಇಲ್ಲ. ಅದು ಬರಿಯ ವಿಳಾಸ ಮತ್ತು ಜಾಹೀರಾತು. ಈ ಭೇದವನ್ನು ಮನಸ್ಸಿನಲ್ಲಿಡಿ, ಮುಂದೆ ಒಂದು ಕಡೆ ಇದೇ ಮುಖ್ಯವಾಗುತ್ತದೆ.

ಕಾಲಬುಡದ ಒಂದು ಸಾಲು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಒಂದು ನಿಜವಾದ ಉದಾಹರಣೆಯುಂಟು. ಬೆಂಗಳೂರಿನಲ್ಲಿ ಬೆಳೆದು ಓದಿದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಎಂಬ ಜೊತೆಗಾರನೊಡನೆ ಅಮೆರಿಕದಲ್ಲಿ 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಉಚಿತ ಇ-ಮೇಲ್ ಸೇವೆಯನ್ನು ಆರಂಭಿಸಿದರು. ಜಾಹೀರಾತಿಗೆ ಸುರಿಯುವಷ್ಟು ಹಣ ಅವರ ಬಳಿ ಇರಲಿಲ್ಲ. ಬಂಡವಾಳ ಹಾಕಿದವರಲ್ಲಿ ಒಬ್ಬರಾದ ಟಿಮ್ ಡ್ರೇಪರ್, ಹೋಗುವ ಪ್ರತಿ ಕಾಗದದ ಕೆಳಗೂ "ನೀವೂ ಉಚಿತ ಇ-ಮೇಲ್ ಪಡೆಯಿರಿ" ಎಂಬರ್ಥದ ಒಂದು ಸಾಲು ಹಾಕಿ ಎಂದರು. ಬೇರೆಯವರ ಖಾಸಗಿ ಕಾಗದದಲ್ಲಿ ನಮ್ಮ ಜಾಹೀರಾತೇ ಎಂದು ಇವರು ಮೊದಲು ಹಿಂಜರಿದರು, ಆಮೇಲೆ ಒಪ್ಪಿದರು. ಒಂದೂವರೆ ವರ್ಷ ಕಳೆಯುವುದರೊಳಗೆ ಬಳಸುವವರ ಸಂಖ್ಯೆ ಒಂದು ಕೋಟಿಯ ಹತ್ತಿರಕ್ಕೆ ಬಂತು, 1997ರ ಕೊನೆಗೆ ಮೈಕ್ರೋಸಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು.

ಅದು ಹಬ್ಬಿದ ಬಗೆಯನ್ನು ನಾವು ಗಮನಿಸಬೇಕು. ಆ ಸಾಲು ಬೀದಿಯ ಗೋಡೆಯ ಮೇಲೆ ಇರಲಿಲ್ಲ. ಓದುವವನಿಗೆ ಪರಿಚಯವಿದ್ದ ಒಬ್ಬರ ಕಾಗದದ ಕೆಳಗೆ ಇತ್ತು. ಪರಿಚಯಸ್ಥನೇ ಶಿಫಾರಸು ಮಾಡಿದಂತಾಯಿತು. ಮತ್ತೆ, ಅದು ಕೇಳಿದ್ದು ಒಂದೇ ಒಂದು ಕೆಲಸ. ಹತ್ತು ವಿಷಯ ಹೇಳಿದ್ದರೆ ಒಂದೂ ನಡೆಯುತ್ತಿರಲಿಲ್ಲ.

ಅದೇ 1996 ನಮ್ಮ ಕಾಫಿಗೂ ದೊಡ್ಡ ವರ್ಷ. ಕಾಫಿ ಮಂಡಳಿಯ ಪೂಲ್ ಪದ್ಧತಿ ಮುಗಿದು, ಎಲ್ಲ ಬೆಳೆಗಾರರೂ ತಮ್ಮ ಪೂರ್ತಿ ಮಾಲನ್ನು ತಾವೇ ಮಾರಿಕೊಳ್ಳುವ ಸ್ವಾತಂತ್ರ್ಯ ಬಂದದ್ದು ಆಗಲೇ. ಪೂಲ್ ಇದ್ದಾಗ ನನ್ನ ತಂದೆಯವರು ಕಾಫಿ ಕೊಟ್ಟು ರಸೀತಿ ತಂದು, ಕಂತು ಬರುವುದನ್ನು ಕಾಯುತ್ತಿದ್ದರು. ಕೊಳ್ಳುವವನ ಮುಖ ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಈಗ ಕೊಳ್ಳುವವನನ್ನು ಹುಡುಕುವ ಭಾರ ನಮ್ಮ ಮೇಲೆಯೇ ಇದೆ. ಬಿಡಿಬಿಡಿಯಾಗಿ ಒಳ್ಳೆಯ ಮಾಲು ಹುಡುಕುವ ರೋಸ್ಟರುಗಳು ಬೆಂಗಳೂರು, ಮುಂಬೈ, ಹೊರದೇಶಗಳಲ್ಲಿ ಇದ್ದಾರೆ. ವಾಟ್ಸಾಪಿನಲ್ಲಿ ಮಾತು ಆರಂಭವಾದರೂ ಅವರ ದರಪಟ್ಟಿ, ಬಿಲ್ಲು, ಸ್ಯಾಂಪಲಿನ ವರದಿ ಎಲ್ಲ ಇ-ಮೇಲಿನಲ್ಲೇ ಉಳಿಯುತ್ತದೆ. ಆರು ತಿಂಗಳ ನಂತರ ಅವರು ತಮ್ಮ ಕಡತದಲ್ಲಿ ತಾಲ್ಲೂಕಿನ ಹೆಸರು ಹಾಕಿ ಹುಡುಕಿದಾಗ ಸಿಕ್ಕುವುದು ನಿಮ್ಮ ಅಡಿಬರಹವೇ.

ಹಾಗೆಂದು ಎಲ್ಲರಿಗೂ ಇದರಿಂದ ಲಾಭವೆಂದು ಹೇಳಲಾರೆ. ಅಡಿಕೆಯನ್ನು ಪೂರ್ತಿಯಾಗಿ ಸಂಘದ ಟೆಂಡರಿಗೆ ಇಡುವವರಿಗೆ ರಾಶಿಯ ದರವಾಗಲಿ ಚಾಲಿಯ ದರವಾಗಲಿ ಅಡಿಬರಹದಿಂದ ಒಂದು ರೂಪಾಯಿಯೂ ಏರುವುದಿಲ್ಲ. ಪಾರ್ಚ್‌ಮೆಂಟ್, ಕಾಳುಮೆಣಸು, ಏಲಕ್ಕಿ, ಜೇನು, ಹಾಳೆತಟ್ಟೆ, ಅಡಿಕೆ ಸಸಿ, ಮನೆಯಲ್ಲೇ ಹುರಿದ ಕಾಫಿಪುಡಿ, ಹೋಂಸ್ಟೇ ಇವುಗಳಲ್ಲಿ ಯಾವುದನ್ನಾದರೂ ಕೊಳ್ಳುವವನಿಗೆ ನೇರವಾಗಿ ಮಾರುವವರಿಗೆ ಮಾತ್ರ ಇದರ ಪ್ರಯೋಜನ. ಅಂಥವರು ನಮ್ಮ ಸದಸ್ಯರಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ಇನ್ನು ಅಡಿಬರಹದಲ್ಲಿ ಏನಿರಬೇಕು? ನಾನು ಬಳಸುತ್ತಿರುವ ಮಾದರಿ ಹೀಗಿದೆ. ಕಂಸದೊಳಗಿನದನ್ನು ತಾವು ತುಂಬಿಕೊಳ್ಳತಕ್ಕದ್ದು.

(ಹೆಸರು), ಬೆಳೆಗಾರ
(ತೋಟದ ಹೆಸರು), (ಗ್ರಾಮ), ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ, ಕರ್ನಾಟಕ (ಪಿನ್)
ರೋಬಸ್ಟಾ ಪಾರ್ಚ್‌ಮೆಂಟ್, ಕಾಳುಮೆಣಸು. ಸಮುದ್ರಮಟ್ಟದಿಂದ (ಇಷ್ಟು) ಮೀಟರ್
ಫೋನ್, ವಾಟ್ಸಾಪ್: +91 (ಹತ್ತು ಅಂಕಿ), ಸಂಜೆ 6ರ ನಂತರ
ಈ ಸಾಲಿನ ಸ್ಯಾಂಪಲ್ ಮಾರ್ಚ್ 10ರಿಂದ ಸಿದ್ಧ, ಬೇಕಾದವರು ಬರೆಯಿರಿ

ಐದೇ ಸಾಲು. ಇಂಟರ್‌ನೆಟ್ ಶಿಷ್ಟಾಚಾರದ ಬಗ್ಗೆ 1995ರಲ್ಲಿ ಹೊರಬಂದ ಒಂದು ಮಾರ್ಗಸೂಚಿಯಲ್ಲಿ ಅಡಿಬರಹ ನಾಲ್ಕು ಸಾಲು ಮೀರದಿರಲಿ ಎಂದಿತ್ತು. ಆಗ ನಿಮಿಷದ ಲೆಕ್ಕದಲ್ಲಿ ಹಣ ಕೊಟ್ಟು ಕಾಗದ ಓದುವವರಿದ್ದರು. ಈಗ ಆ ಖರ್ಚಿಲ್ಲವಾದರೂ ಓದುವವನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಓದುತ್ತಾನೆ. ಕಾಗದ ಎರಡು ಸಾಲು, ಅಡಿಬರಹ ಹದಿನೈದು ಸಾಲು ಆದರೆ ಮನೆಗಿಂತ ಜಗಲಿ ದೊಡ್ಡದಾದಂತೆ. ನಾನು ಒಂದು ಸಾಲಿನ ಸ್ವಾತಂತ್ರ್ಯ ತೆಗೆದುಕೊಂಡಿದ್ದೇನೆ.

ಸಾಲುಸಾಲಾಗಿ ಸ್ವಲ್ಪ ವಿವರ ಹೇಳಬೇಕು. ತಾಲ್ಲೂಕು, ಜಿಲ್ಲೆ ಮುಖ್ಯ, ಏಕೆಂದರೆ ನಮ್ಮ ಗ್ರಾಮದ ಹೆಸರು ಹೊರಗಿನವರಿಗೆ ತಿಳಿಯದು, ಒಂದೇ ಹೆಸರಿನ ಊರುಗಳೂ ಬಹಳ. ಎತ್ತರವನ್ನು ನಾವು ಅಡಿಯಲ್ಲಿ ಹೇಳುತ್ತೇವೆ, ಆದರೆ ಕಾಫಿ ಕೊಳ್ಳುವವರು ಕೇಳುವುದು ಮೀಟರಿನಲ್ಲಿ. ಅಡಿಯನ್ನು 3.28ರಿಂದ ಭಾಗಿಸಿದರೆ ಮೀಟರ್ ಬರುತ್ತದೆ: 3,000 ಅಡಿ ಎಂದರೆ ಸುಮಾರು 915 ಮೀಟರ್. ಅರೇಬಿಕಾ ಇದ್ದವರು ತಳಿಯ ಹೆಸರನ್ನೂ ಹಾಕಬಹುದು, ಎಸ್. 795 ಎಂದೋ ಚಂದ್ರಗಿರಿ ಎಂದೋ ಬರೆದರೆ ಬಲ್ಲವರಿಗೆ ಅದೇ ಒಂದು ಮಾತಾಗುತ್ತದೆ. ಫೋನಿನ ಮುಂದೆ +91 ಇಲ್ಲದಿದ್ದರೆ ಹೊರದೇಶದಿಂದ ಒತ್ತಿದರೆ ಕರೆ ತಾಗುವುದಿಲ್ಲ. ತೋಟದಲ್ಲಿ ಸಿಗ್ನಲ್ ಇಲ್ಲದ ನಮ್ಮಂಥವರು ಸಿಕ್ಕುವ ಹೊತ್ತನ್ನೂ ಬರೆಯುವುದು ಮರ್ಯಾದೆ. ಎರಡು ಸಲ ಫೋನ್ ಮಾಡಿ ಸಿಗದಿದ್ದರೆ ಮೂರನೆಯ ಸಲ ಯಾರೂ ಮಾಡುವುದಿಲ್ಲ.

ಕೊನೆಯ ಸಾಲೇ ಜಾಹೀರಾತು, ಹಾಟ್‌ಮೇಲಿನವರ ಸಾಲಿನ ಜಾತಿಯದು. ಅದು ಒಂದೇ ಕೆಲಸ ಕೇಳಬೇಕು ಮತ್ತು ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಕುಯ್ಲಿಗೆ ಮುಂಚೆ "ಸ್ಯಾಂಪಲ್ ಇಂಥ ದಿನದಿಂದ", ಮಾಲು ಸಿದ್ಧವಾದಾಗ "ಇಷ್ಟು ಚೀಲ ಇದೆ", ಮಾರಿಹೋದ ಮೇಲೆ "ಮುಂದಿನ ಸಾಲಿಗೆ ಹೆಸರು ಬರೆಸಿಕೊಳ್ಳಿ". ಹೋಂಸ್ಟೇ ಇದ್ದವರು ಹೂವರಳುವ ಕಾಲಕ್ಕೆ ಕಾಫಿ ಹೂವಿನ ಮಾತು ಹಾಕಬಹುದು. ಬದಲಿಸಲು ಎರಡು ನಿಮಿಷ ಸಾಕು. ಬದಲಿಸದೆ ಬಿಟ್ಟರೆ ಮಾತ್ರ ನಗೆಪಾಟಲು: ಮಳೆಗಾಲದಲ್ಲೂ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಉಳಿದ ಕಳೆದ ವರ್ಷದ ಯಕ್ಷಗಾನದ ಚೀಟಿಯಂತೆ ಕಾಣುತ್ತದೆ.

ಹಲವರು ಮಾಡುವ ಒಂದು ತಪ್ಪೆಂದರೆ, ಪೇಟೆಯಲ್ಲಿ ವಿಸಿಟಿಂಗ್ ಕಾರ್ಡು ಮಾಡಿಸಿ ಅದರ ಫೋಟೋವನ್ನೇ ಅಡಿಬರಹವಾಗಿ ಅಂಟಿಸುವುದು. ನೋಡಲು ಚೆನ್ನ. ಆದರೆ ಅನೇಕ ಕಚೇರಿಗಳ ಇ-ಮೇಲಿನಲ್ಲಿ ಚಿತ್ರಗಳು ತಾವಾಗಿ ತೆರೆಯುವುದಿಲ್ಲ, ಖಾಲಿ ಚೌಕವೊಂದು ಕಾಣುತ್ತದೆ. ತೆರೆದರೂ ಚಿತ್ರದೊಳಗಿನ ಫೋನ್ ನಂಬರನ್ನು ಒತ್ತಿ ಕರೆ ಮಾಡಲು ಬಾರದು, ಹುಡುಕಿದರೆ ಸಿಗದು. ಆದುದರಿಂದ ವಿಳಾಸ, ಫೋನ್ ಅಕ್ಷರದಲ್ಲೇ ಇರಲಿ. ಚಿತ್ರ ಬೇಕೇ ಬೇಕೆಂದರೆ ತೋಟದ ಚಿಕ್ಕ ಗುರುತೊಂದು ಸಾಕು. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರದಲ್ಲೇ ಬರೆಯಬೇಕು. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು, ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಹೊರರಾಜ್ಯ, ಹೊರದೇಶದವರಿಗಾಗಿ ಇಂಗ್ಲಿಷಿನ ಅಡಿಬರಹವನ್ನು ಬೇರೆಯಾಗಿ ಮಾಡಿಟ್ಟುಕೊಳ್ಳಬಹುದು. ಜಿ-ಮೇಲಿನಲ್ಲಿ ಒಂದಕ್ಕಿಂತ ಹೆಚ್ಚು ಇಡಲು ಅವಕಾಶವಿದೆ.

ಇಲ್ಲದ್ದನ್ನು ಬರೆಯುವ ಆಸೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಹಾಗೂ ಶಿರಸಿ ಸುಪಾರಿ ಇವಕ್ಕೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿ.ಐ. ಸಿಕ್ಕಿದೆ. ಹಾಗೆಂದು ಆ ಜಿಲ್ಲೆಯಲ್ಲಿ ತೋಟವಿದ್ದ ಮಾತ್ರಕ್ಕೆ ಜಿ.ಐ. ಮುದ್ರೆ ಹಾಕಿಕೊಳ್ಳುವಂತಿಲ್ಲ, ಅಧಿಕೃತ ಬಳಕೆದಾರನೆಂದು ಜಿ.ಐ. ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಾಗಬೇಕು. ಕೊಪ್ಪದ ಕೆಂಪಡಿಕೆ ಎಷ್ಟೇ ಚೆನ್ನಾಗಿದ್ದರೂ ಅದು ಶಿರಸಿ ಸುಪಾರಿಯಲ್ಲ. "ಸಾವಯವ" ಎಂಬ ಮಾತೂ ಹಾಗೆಯೇ. ಗೊಬ್ಬರದಂಗಡಿಗೆ ಹೋಗದವನೆಲ್ಲ ಸಾವಯವ ಬೆಳೆಗಾರನೇ ಎಂದು ನಾವು ಮಾತಿಗೆ ಹೇಳುತ್ತೇವೆ, ಆದರೆ ಮಾರಾಟದ ಕಾಗದದಲ್ಲಿ ಆ ಮಾತನ್ನು ಬಳಸುವುದಕ್ಕೆ 2017ರ ಆಹಾರ ಸುರಕ್ಷತಾ ನಿಯಮಗಳ ಕಟ್ಟುಪಾಡಿದೆ. ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆ ಸಮೇತ ಬರೆಯಿರಿ, ಇಲ್ಲದಿದ್ದರೆ "ಮರದ ನೆರಳಿನಲ್ಲಿ ಬೆಳೆದದ್ದು, ಕೈಯಿಂದ ಆರಿಸಿದ್ದು" ಎಂದು ನಿಜವಿದ್ದಷ್ಟನ್ನೇ ಬರೆಯಿರಿ, ಅದರಲ್ಲಿ ಕಡಿಮೆಯೇನಿಲ್ಲ. ಅಡಿಕೆಯ ವಿಷಯದಲ್ಲಂತೂ "ಆರೋಗ್ಯಕ್ಕೆ ಒಳ್ಳೆಯದು" ಎಂಬಂಥ ಸಾಲನ್ನು ಸರ್ವಥಾ ಹಾಕಕೂಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಆ ತೀರ್ಮಾನದ ಬಗ್ಗೆ ನಮ್ಮವರ ತಕರಾರು ಏನೇ ಇರಲಿ, ಅದನ್ನು ಇತ್ಯರ್ಥ ಮಾಡುವ ಜಾಗ ಅಡಿಬರಹವಲ್ಲ.

ಸಂಖ್ಯೆಗಳಲ್ಲಿ ಯಾವುದು ಬೇಕು, ಯಾವುದು ಬೇಡ? ಪುಡಿ ಕಾಫಿ, ಜೇನು ಮೊದಲಾದ ಆಹಾರ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ.ಯ 14 ಅಂಕಿಯ ಸಂಖ್ಯೆಯನ್ನು ಹಾಕಿದರೆ ಅಂಗಡಿಯವರಿಗೆ ನಂಬಿಕೆ ಬರುತ್ತದೆ. ಹತ್ತಾರು ಜನ ಸೇರಿ ಉತ್ಪಾದಕ ಕಂಪನಿ ಮಾಡಿಕೊಂಡಿದ್ದರೆ ವಿಷಯ ಇನ್ನೂ ಗಂಭೀರ: 2013ರ ಕಂಪನಿ ಕಾಯಿದೆಯ 12ನೆಯ ಕಲಮಿನಂತೆ ಕಂಪನಿಯ ವ್ಯವಹಾರದ ಪತ್ರಗಳ ಮೇಲೆ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿಯ ಗುರುತಿನ ಸಂಖ್ಯೆ, ದೂರವಾಣಿ, ಇ-ಮೇಲ್ ಇರಬೇಕು. ಅವನ್ನು ಅಡಿಬರಹದಲ್ಲೇ ಸೇರಿಸಿಬಿಟ್ಟರೆ ಮರೆಯುವ ಭಯವಿಲ್ಲ. ಬ್ಯಾಂಕ್ ಖಾತೆ, ಆಧಾರ್, ಪ್ಯಾನ್, ಜಮೀನಿನ ಸರ್ವೆ ನಂಬರ್ ಇವು ಯಾವುದೂ ಬೇಡ.

ಬೇಡವೆನ್ನುವುದಕ್ಕೆ ಕಾರಣವಿದೆ. ಅಡಿಬರಹವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮೋಸಗಾರರು ಮಾಡುವುದು ಹೀಗೆ: ನಿಮ್ಮದೊಂದು ಕಾಗದ ಅವರ ಕೈಗೆ ಸಿಕ್ಕರೆ, ಒಂದಕ್ಷರ ಮಾತ್ರ ಬೇರೆಯಿರುವ ಇ-ಮೇಲ್ ವಿಳಾಸ ಮಾಡಿಕೊಂಡು, ಕೆಳಗೆ ನಿಮ್ಮ ಅಡಿಬರಹವನ್ನೇ ಅಂಟಿಸಿ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಇದಕ್ಕೆ ಹಾಕಿ" ಎಂದು ಕೊಳ್ಳುವವನಿಗೆ ಬರೆಯುತ್ತಾರೆ. ಮಾಲು ಹೋಗಿರುತ್ತದೆ, ಹಣ ಬೇರೆಯವರ ಪಾಲಾಗಿರುತ್ತದೆ. ಹಣ ಹಾಕಿದ್ದೇನೆ ಎನ್ನುವವನೂ ಸುಳ್ಳು ಹೇಳುತ್ತಿರುವುದಿಲ್ಲ, ಬಂದಿಲ್ಲ ಎನ್ನುವ ನೀವೂ ಹೇಳುತ್ತಿರುವುದಿಲ್ಲ. ಆದುದರಿಂದ ಮೊದಲ ವ್ಯವಹಾರದಲ್ಲೇ ಫೋನಿನಲ್ಲಿ ಮಾತನಾಡಿ, ಖಾತೆಯ ಬದಲಾವಣೆಯನ್ನು ಇ-ಮೇಲಿನಲ್ಲಿ ಎಂದೂ ತಿಳಿಸುವುದಿಲ್ಲವೆಂದು ಕೊಳ್ಳುವವರಿಗೆ ಹೇಳಿಡಿ. ಗೊಬ್ಬರ, ಯಂತ್ರ ಕೊಳ್ಳುವಾಗ ನಿಮಗೇ ಅಂಥ ಕಾಗದ ಬಂದರೆ, ಆ ಕಾಗದದಲ್ಲಿರುವ ನಂಬರಿಗೆ ಮಾಡದೆ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿ.

ಅಡಿಬರಹ ಹಾಕುವ ಕ್ರಮ ಸುಲಭ. ಕಂಪ್ಯೂಟರಿನಲ್ಲಿ ಜಿ-ಮೇಲ್ ತೆರೆದು ಮೇಲೆ ಬಲಗಡೆಯ ಹಲ್ಲುಚಕ್ರದ ಗುರುತನ್ನು ಒತ್ತಿ, "ಸೀ ಆಲ್ ಸೆಟ್ಟಿಂಗ್ಸ್"ಗೆ ಹೋಗಿ, "ಜನರಲ್" ಪುಟದಲ್ಲಿ ಕೆಳಗಿಳಿದರೆ "ಸಿಗ್ನೇಚರ್" ಕಾಣುತ್ತದೆ. ಹೊಸದೊಂದನ್ನು ಮಾಡಿ ಬರೆಯಿರಿ. ಅದರ ಕೆಳಗೆ, ಹೊಸ ಕಾಗದಕ್ಕೂ ಉತ್ತರದ ಕಾಗದಕ್ಕೂ ಯಾವ ಅಡಿಬರಹ ಬರಬೇಕೆಂದು ಬೇರೆಬೇರೆಯಾಗಿ ಆರಿಸಬೇಕು. ಇದನ್ನು ಆರಿಸದೆ ಬಿಟ್ಟು, ಬರೆದದ್ದು ಬರುತ್ತಿಲ್ಲವೆಂದು ದೂರುವವರೇ ಹೆಚ್ಚು. ಕಟ್ಟಕಡೆಗೆ ಪುಟದ ಬುಡದಲ್ಲಿರುವ "ಸೇವ್ ಚೇಂಜಸ್" ಒತ್ತಲೇಬೇಕು. ಮೊಬೈಲಿನಲ್ಲಿ ಮೂರು ಗೆರೆಯ ಗುರುತು, ಸೆಟ್ಟಿಂಗ್ಸ್, ನಿಮ್ಮ ಇ-ಮೇಲ್ ವಿಳಾಸ, ಅದರೊಳಗೆ "ಮೊಬೈಲ್ ಸಿಗ್ನೇಚರ್". ಕಂಪ್ಯೂಟರಿನಲ್ಲಿ ಹಾಕಿದ್ದರೂ ಮೊಬೈಲಿನಲ್ಲಿ ಇನ್ನೊಮ್ಮೆ ಬರೆದುಕೊಳ್ಳುವುದು ಕ್ಷೇಮ, ಏಕೆಂದರೆ ನಮ್ಮಲ್ಲಿ ಬಹುತೇಕರು ಕಾಗದ ಕಳುಹಿಸುವುದು ಅದರಿಂದಲೇ. ಮಕ್ಕಳ ಹೆಸರಿನ ಹಳೆಯ ವಿಳಾಸ ಬಳಸುವವರು ಇದೇ ಸಂದರ್ಭದಲ್ಲಿ ತೋಟದ ಹೆಸರಿನಲ್ಲಿ ಹೊಸ ವಿಳಾಸವೊಂದನ್ನು ಮಾಡಿಕೊಂಡು, ಅದು ತಮ್ಮ ಮೊಬೈಲಿನಲ್ಲೇ ತೆರೆಯುವಂತೆ ನೋಡಿಕೊಳ್ಳಿ.

ಎಲ್ಲ ಮುಗಿದ ಮೇಲೆ ಒಂದು ಕಾಗದವನ್ನು ಮನೆಯ ಇನ್ನೊಬ್ಬರ ಇ-ಮೇಲಿಗೆ ಕಳುಹಿಸಿ, ಅವರ ಮೊಬೈಲಿನಲ್ಲಿ ತೆರೆದು, ಅಡಿಬರಹದ ಫೋನ್ ನಂಬರನ್ನು ಒತ್ತಿ ನೋಡಿ. ನಾನು ಮೊದಲ ಸಲ ಹಾಗೆ ಒತ್ತಿದಾಗ ಫೋನ್ ಹೊಡೆದುಕೊಂಡದ್ದು ಬೇರೆ ಯಾರದೋ ಮನೆಯಲ್ಲಿ. ಒಂದು ಅಂಕಿ ತಪ್ಪಾಗಿ ಬರೆದಿದ್ದೆ.